ಬಿಟಿ ಹತ್ತಿಗೂ ಹುಳ ಏಕೆ ಬೀಳುತ್ತದೆ? ಜೈವಿಕ ತಂತ್ರಜ್ಞಾನದ ಪಾಠವನ್ನು ಹೊಲದವರೆಗೆ ಒಯ್ಯುವ ಬಗೆ

ಜೈವಿಕ ತಂತ್ರಜ್ಞಾನದ ಮೇಲೆ ನಾವು ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಗಳು ಬಹುಮಟ್ಟಿಗೆ ಒಂದೇ ಕ್ರಮದಲ್ಲಿರುತ್ತವೆ. ಮೊದಲು ವ್ಯಾಖ್ಯೆ, ಆಮೇಲೆ ಮೊಸರು ಮತ್ತು ದೋಸೆ ಹಿಟ್ಟಿನ ಉದಾಹರಣೆ, ನಂತರ ಡಿಎನ್‌ಎ ಕತ್ತರಿಸಿ ಜೋಡಿಸುವ ಚಿತ್ರಪಟ, ಕೊನೆಯಲ್ಲಿ ಉಪಯೋಗಗಳ ಪಟ್ಟಿ. ಆ ಪಟ್ಟಿಯಲ್ಲಿ ‘ಬಿಟಿ ಹತ್ತಿ: ಕೀಟ ನಿರೋಧಕ ಬೆಳೆ’ ಎಂಬ ಒಂದು ಸಾಲು ಇದ್ದೇ ಇರುತ್ತದೆ.

ಈ ಸಾಲು ಪರೀಕ್ಷೆಗೆ ಸಾಕು. ಆದರೆ ಹಾವೇರಿ, ರಾಯಚೂರು, ಧಾರವಾಡದಂಥ ಹತ್ತಿ ಬೆಳೆಯುವ ಜಿಲ್ಲೆಗಳ ಮಕ್ಕಳಿಗೆ ಸಾಲದು. ಅವರು ಬಿಟಿ ಹತ್ತಿಯ ಕಾಯಿ ಒಡೆದು ಒಳಗೆ ಗುಲಾಬಿ ಬಣ್ಣದ ಹುಳ ಇರುವುದನ್ನು ಕಣ್ಣಾರೆ ಕಂಡವರು. ನಾವು ಕಪ್ಪುಹಲಗೆಯ ಮೇಲೆ ಬರೆದದ್ದಕ್ಕೂ ಅವರು ಹೊಲದಲ್ಲಿ ಕಂಡದ್ದಕ್ಕೂ ತಾಳೆಯಾಗದಿದ್ದರೆ ಅವರು ನಂಬುವುದು ಹೊಲವನ್ನೇ. ಹಾಗಾದಾಗ ವಿಜ್ಞಾನ ಬಾಯಿಪಾಠದ ವಿಷಯವಾಗಿ ಉಳಿಯುತ್ತದೆ. ಜೀನ್ ಸಸ್ಯದೊಳಗೆ ಮಾಡುವ ಕೆಲಸ ಪಾಠದ ಅರ್ಧ ಭಾಗ ಮಾತ್ರ. ಆ ಸಸ್ಯ ಹೊಲದಲ್ಲಿ ಕೀಟಗಳ ಪೀಳಿಗೆಗಳ ಮೇಲೆ ಬೀರುವ ಪರಿಣಾಮ ಉಳಿದ ಅರ್ಧ. ಎರಡನ್ನೂ ಪ್ರೌಢಶಾಲೆಯ ಮಟ್ಟದಲ್ಲಿ ಎರಡು ಅವಧಿಗಳಲ್ಲಿ ಕಲಿಸಬಹುದು. ಅದರ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಪೂರ್ವಜ್ಞಾನ: ಹೈಬ್ರಿಡ್ ಬೇರೆ, ಬಿಟಿ ಬೇರೆ

ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಯ ಅವಧಿಯಲ್ಲಿ ನಾನು ಹತ್ತನೇ ತರಗತಿಯ ಮಕ್ಕಳ ಪೂರ್ವಜ್ಞಾನ ಪರೀಕ್ಷಿಸಿದಾಗ, ಹೆಚ್ಚಿನವರು ಹೈಬ್ರಿಡ್ ಮತ್ತು ಬಿಟಿ ಎರಡನ್ನೂ ಒಂದೇ ಎಂದು ತಿಳಿದಿದ್ದರು. ಅಂಗಡಿಯಲ್ಲಿ ಎರಡೂ ಒಂದೇ ಪ್ಯಾಕೆಟ್‌ನಲ್ಲಿ ಬರುವುದರಿಂದ ಇದು ಸಹಜ. ಆದ್ದರಿಂದ ಈ ವ್ಯತ್ಯಾಸದಿಂದಲೇ ಪಾಠ ಆರಂಭಿಸುವುದು ಒಳ್ಳೆಯದು.

ಹೈಬ್ರಿಡ್ ಎಂದರೆ ಎರಡು ಬೇರೆ ತಳಿಗಳ ಹೂಗಳನ್ನು ಕೈಯಿಂದ ಪರಾಗಸ್ಪರ್ಶ ಮಾಡಿ ಪಡೆದ ಸಂಕರ ಬೀಜ. ಧಾರವಾಡದಲ್ಲಿ ರೂಪುಗೊಂಡ ‘ವರಲಕ್ಷ್ಮಿ’ ಇದಕ್ಕೆ ನಮ್ಮದೇ ನೆಲದ ಉದಾಹರಣೆ. ಅದು ಹತ್ತಿಯ ಎರಡು ಬೇರೆ ಪ್ರಭೇದಗಳನ್ನು ಕೂಡಿಸಿ ಪಡೆದ ಸಂಕರ. ಇಲ್ಲಿ ಹತ್ತಿಯ ಜೀನ್‌ಗಳೇ ಹತ್ತಿಯಲ್ಲಿ ಹೊಸದಾಗಿ ಕೂಡಿಕೊಂಡವು.

ಬಿಟಿ ಹತ್ತಿಯಲ್ಲಿ ನಡೆದದ್ದು ಬೇರೆ. ಮಣ್ಣಿನ ಬ್ಯಾಕ್ಟೀರಿಯಾ ಒಂದರ ಜೀನ್ ಹತ್ತಿ ಗಿಡಕ್ಕೆ ಬಂದಿದೆ. ಪರಾಗಸ್ಪರ್ಶದಿಂದ ಇದು ಎಂದಿಗೂ ಆಗದು. ಹೀಗೆ ಒಂದು ಜೀವಿಯ ಜೀನನ್ನು ದೂರದ ಇನ್ನೊಂದು ಜೀವಿಗೆ ದಾಟಿಸಿ ಪಡೆದ ಬೆಳೆಯೇ ಕುಲಾಂತರಿ ಬೆಳೆ. ಭಾರತದಲ್ಲಿ ಬಿಟಿ ಜೀನನ್ನು ಹೈಬ್ರಿಡ್ ಹತ್ತಿಯೊಳಗೆ ತಂದು ಮಾರುತ್ತಿರುವುದರಿಂದ ರೈತರ ಕೈಗೆ ಎರಡೂ ಒಟ್ಟಿಗೆ ಬರುತ್ತವೆ.

ಮೊದಲ ಅವಧಿ: ಜೀನ್‌ನಿಂದ ಕಾಯಿಯವರೆಗೆ

‘ಬಿಟಿ’ ಎಂಬುದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಹೆಸರಿನ ಮೊದಲಕ್ಷರಗಳು. 1901ರಲ್ಲಿ ಜಪಾನಿನ ಇಶಿವಾಟ ಅವರು ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ ಇದನ್ನು ಮೊದಲು ಕಂಡರು. 1911ರಲ್ಲಿ ಜರ್ಮನಿಯ ಬರ್ಲಿನರ್ ಅವರು ಹಿಟ್ಟಿನ ಪತಂಗದ ಮರಿಹುಳುಗಳಲ್ಲಿ ಇದನ್ನು ಗುರುತಿಸಿ, ತುರಿಂಜಿಯಾ ಎಂಬ ಪ್ರಾಂತ್ಯದ ಹೆಸರಿನಿಂದ ಕರೆದರು. ರೇಷ್ಮೆಹುಳುವೂ ಪತಂಗದ ಮರಿಯೇ, ಕಾಯಿಕೊರಕವೂ ಪತಂಗದ ಮರಿಯೇ. ಈ ಒಂದು ಸಂಗತಿ ಹೇಳಿದರೆ ಬಿಟಿ ಯಾವ ಗುಂಪಿನ ಕೀಟಗಳನ್ನು ಕೊಲ್ಲುತ್ತದೆ ಎಂಬುದು ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ.

ಈ ಬ್ಯಾಕ್ಟೀರಿಯಾ ಬೀಜಕಣಗಳನ್ನು ಉಂಟುಮಾಡುವಾಗ ಹರಳಿನ ರೂಪದ ಒಂದು ಪ್ರೋಟೀನ್ ತಯಾರಿಸುತ್ತದೆ. ಅದರ ಹೆಸರು ಕ್ರೈ ಪ್ರೋಟೀನ್. ಅದನ್ನು ತಯಾರಿಸುವ ಸೂಚನೆ ಇರುವ ಜೀನೇ ಕ್ರೈ ಜೀನ್. ವಿಜ್ಞಾನಿಗಳು ಈ ಜೀನನ್ನು ಹತ್ತಿಗೆ ದಾಟಿಸಿದ ಬಗೆಯನ್ನು ನಾಲ್ಕು ಹೆಜ್ಜೆಗಳಲ್ಲಿ ಹೇಳಬಹುದು.

1. ನಿರ್ಬಂಧಕ ಕಿಣ್ವಗಳಿಂದ ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸಿ, ಕ್ರೈ ಜೀನನ್ನು ಲೈಗೇಸ್ ಕಿಣ್ವದಿಂದ ಪ್ಲಾಸ್ಮಿಡ್‌ಗೆ ಜೋಡಿಸುವುದು. ಪ್ಲಾಸ್ಮಿಡ್ ಎಂದರೆ ಬ್ಯಾಕ್ಟೀರಿಯಾದಲ್ಲಿರುವ ಉಂಗುರದಂಥ ಚಿಕ್ಕ ಡಿಎನ್‌ಎ.

2. ಜೀನಿನ ಮುಂದೆ ಪ್ರೊಮೋಟರ್ ಎಂಬ ಡಿಎನ್‌ಎ ತುಂಡು ಇಡುವುದು. ಇದು ಸ್ವಿಚ್ ಇದ್ದಂತೆ. ಇದಿಲ್ಲದಿದ್ದರೆ ಜೀನ್ ಗಿಡದೊಳಗೆ ಇದ್ದೂ ಕೆಲಸ ಮಾಡದು.

3. ಆಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ ಜೀನನ್ನು ಹತ್ತಿಯ ಜೀವಕೋಶಕ್ಕೆ ಸೇರಿಸುವುದು. ಈ ಬ್ಯಾಕ್ಟೀರಿಯಾ ಸಹಜವಾಗಿಯೇ ತನ್ನ ಡಿಎನ್‌ಎಯ ಒಂದು ಭಾಗವನ್ನು ಗಿಡದೊಳಗೆ ಸೇರಿಸುತ್ತದೆ. ವಿಜ್ಞಾನಿಗಳು ಆ ಗುಣವನ್ನೇ ಬಳಸಿಕೊಂಡರು.

4. ಜೀನ್ ಸೇರಿದ ಜೀವಕೋಶಗಳನ್ನು ಆರಿಸಿ, ಅಂಗಾಂಶ ಕೃಷಿಯಿಂದ ಪೂರ್ತಿ ಗಿಡವಾಗಿ ಬೆಳೆಸುವುದು.

ಮೊದಲ ಹೆಜ್ಜೆಗೆ ಬೋಧನೋಪಕರಣವಾಗಿ ಎರಡು ಬಣ್ಣದ ಕಾಗದದ ಪಟ್ಟಿ, ಕತ್ತರಿ ಮತ್ತು ಅಂಟು ಸಾಕು. ಒಂದು ಬಣ್ಣದ ಪಟ್ಟಿಯನ್ನು ಬಳೆಯಂತೆ ಅಂಟಿಸಿ, ಅದನ್ನು ಕತ್ತರಿಸಿ, ನಡುವೆ ಇನ್ನೊಂದು ಬಣ್ಣದ ತುಂಡು ಸೇರಿಸಿ ಮತ್ತೆ ಬಳೆ ಮಾಡುವುದು. ಇದನ್ನು ಮಕ್ಕಳೇ ಮಾಡಬೇಕು, ನಾವು ಮಾಡಿ ತೋರಿಸಬಾರದು.

ಹುಳದ ಕರುಳಿನಲ್ಲಿ ಏನಾಗುತ್ತದೆ?

ಈ ಭಾಗದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಎಲ್ಲ ಪ್ರಶಿಕ್ಷಣಾರ್ಥಿಗಳಿಗೂ ಎದುರಾಗುವಂಥದ್ದು: “ಟೀಚರ್, ನಾವು ಎಮ್ಮಿಗೆ ಹತ್ತಿಕಾಳ ಹಾಕ್ತೀವಿ. ಹುಳ ಸಾಯೂದಾದ್ರ ಎಮ್ಮಿಗೆ ಏನೂ ಆಗಂಗಿಲ್ಲೇನ್ರಿ?”

‘ಏನೂ ಆಗುವುದಿಲ್ಲ’ ಎಂದಷ್ಟೇ ಹೇಳಿದರೆ ಅದು ಉತ್ತರವಲ್ಲ, ಸಮಾಧಾನ. ಕಾರಣ ಹೇಳಬೇಕು. ಮರಿಹುಳುವಿನ ಕರುಳು ಪ್ರತ್ಯಾಮ್ಲೀಯ. ಅಲ್ಲಿ ಕ್ರೈ ಪ್ರೋಟೀನ್ ಕರಗಿ, ಹುಳದ ಜೀರ್ಣಕಿಣ್ವಗಳಿಂದ ತುಂಡಾಗಿ ಚುರುಕಾಗುತ್ತದೆ. ಆಮೇಲೆ ಕರುಳಿನ ಕೋಶಗಳ ಮೇಲಿರುವ ನಿರ್ದಿಷ್ಟ ಗ್ರಾಹಕಗಳಿಗೆ ಬೀಗಕ್ಕೆ ಕೀಲಿ ಕೂತಂತೆ ಅಂಟಿಕೊಂಡು ಕೋಶಪೊರೆಯಲ್ಲಿ ರಂಧ್ರ ಮಾಡುತ್ತದೆ. ಕೋಶಗಳು ಉಬ್ಬಿ ಒಡೆಯುತ್ತವೆ. ಹುಳ ತಿನ್ನುವುದನ್ನು ಬಿಟ್ಟು ಕೆಲ ದಿನಗಳಲ್ಲಿ ಸಾಯುತ್ತದೆ. ಎಮ್ಮೆಯ ಮತ್ತು ನಮ್ಮ ಜಠರದ ರಸ ಆಮ್ಲೀಯ. ಆ ಗ್ರಾಹಕಗಳೂ ನಮ್ಮ ಕರುಳಿನಲ್ಲಿಲ್ಲ. ಆದ್ದರಿಂದ ಈ ಪ್ರೋಟೀನ್ ಬೇರೆ ಪ್ರೋಟೀನುಗಳಂತೆ ಜೀರ್ಣವಾಗುತ್ತದೆ.

ಇದೇ ತರ್ಕದಿಂದ ಇನ್ನೊಂದು ಗೊಂದಲವೂ ಬಿಡಿಸುತ್ತದೆ. ಹೇನು, ಜಿಗಿಹುಳು, ಥ್ರಿಪ್ಸ್, ಬಿಳಿನೊಣ ಇವು ರಸ ಹೀರುವ ಕೀಟಗಳು, ಪತಂಗದ ಗುಂಪಿಗೆ ಸೇರಿದವಲ್ಲ. ಹತ್ತಿಯಲ್ಲಿರುವ ಕ್ರೈ ಪ್ರೋಟೀನ್ ಇವುಗಳನ್ನು ತಡೆಯದು. ಆದ್ದರಿಂದ ಬಿಟಿ ಬಿತ್ತಿದವರೂ ಎಣ್ಣೆ ಹೊಡೆಯುತ್ತಾರೆ. ‘ಕೀಟ ನಿರೋಧಕ’ ಎಂದು ಬರೆಸುವ ಬದಲು ‘ಕಾಯಿಕೊರಕ ನಿರೋಧಕ’ ಎಂದು ಬರೆಸಿದರೆ ಅರ್ಧ ಸಮಸ್ಯೆ ಅಲ್ಲಿಯೇ ತೀರುತ್ತದೆ.

ಎರಡನೇ ಅವಧಿ: ಕಾಯಿಕೊರಕವೂ ಏಕೆ ಸಾಯುತ್ತಿಲ್ಲ?

ಉಳಿದ ಅರ್ಧ ಸಮಸ್ಯೆ ಹೆಚ್ಚು ಕಷ್ಟದ್ದು. ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಆಗ ಅದರಲ್ಲಿದ್ದದ್ದು ಕ್ರೈ1ಎಸಿ ಎಂಬ ಒಂದೇ ಜೀನ್. 2006ರಲ್ಲಿ ಕ್ರೈ2ಎಬಿ ಎಂಬ ಎರಡನೇ ಜೀನನ್ನೂ ಸೇರಿಸಿದ ಬೀಜ ಬಂತು. 2010ರಲ್ಲಿ ಗುಜರಾತಿನ ಗುಲಾಬಿ ಕಾಯಿಕೊರಕ ಮೊದಲ ಜೀನಿಗೆ ನಿರೋಧಕತೆ ಪಡೆದಿರುವುದು ವರದಿಯಾಯಿತು. ಮುಂದಿನ ವರ್ಷಗಳಲ್ಲಿ ಅದು ಎರಡೂ ಜೀನ್‌ಗಳನ್ನು ದಾಟಿತು. 2017ರಲ್ಲಿ ಮಹಾರಾಷ್ಟ್ರದ ರೈತರು ಇದರಿಂದ ದೊಡ್ಡ ನಷ್ಟ ಅನುಭವಿಸಿದರು.

ಇಲ್ಲಿ ಮಕ್ಕಳು ‘ಹುಳ ಎಣ್ಣೆಗೆ ಹೊಂದಿಕೊಂಡಿತು’ ಎನ್ನುತ್ತಾರೆ. ಇದನ್ನು ತಿದ್ದಬೇಕು. ಯಾವ ಹುಳವೂ ತಿಂದು ತಿಂದು ರೂಢಿ ಮಾಡಿಕೊಂಡದ್ದಲ್ಲ. ಲಕ್ಷಾಂತರ ಹುಳಗಳಲ್ಲಿ ಎಲ್ಲೋ ಕೆಲವಕ್ಕೆ ಮೊದಲೇ ಗ್ರಾಹಕ ಬೇರೆ ರೂಪದಲ್ಲಿತ್ತು, ಕೀಲಿ ಕೂರಲಿಲ್ಲ. ಉಳಿದವು ಸತ್ತವು, ಇವು ಉಳಿದು ಮರಿ ಮಾಡಿದವು. ಇದೇ ನೈಸರ್ಗಿಕ ಆಯ್ಕೆ. ಅದು ಡಾರ್ವಿನ್ನನ ಕಾಲದಲ್ಲಷ್ಟೇ ಅಲ್ಲ, ನಮ್ಮೂರಿನ ಹೊಲದಲ್ಲಿಯೂ ನಡೆಯುತ್ತಿದೆ.

ಇದಕ್ಕೆ ತಡೆಯಾಗಿ ಹೊಲದ ಸುತ್ತ ನಾನ್‌-ಬಿಟಿ ಹತ್ತಿ ಬಿತ್ತಬೇಕೆಂಬ ನಿಯಮವಿತ್ತು: ಸುತ್ತಲೂ 5 ಸಾಲು ಅಥವಾ ಶೇ. 20ರಷ್ಟು ಜಾಗ, ಯಾವುದು ಹೆಚ್ಚೋ ಅದು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ನಾನ್‌-ಬಿಟಿ ಬೀಜದ ಪೊಟ್ಟಣ ಕೊಡುತ್ತಿದ್ದುದು ಇದಕ್ಕೇ. ಅನೇಕರು ಆ ಪೊಟ್ಟಣವನ್ನು ಬಿತ್ತಲಿಲ್ಲ. ಹುಳಕ್ಕೆಂದೇ ಬೆಳೆ ಬಿಡುವುದು ಯಾವ ರೈತನಿಗೂ ಸುಲಭವಲ್ಲ, ಅದರ ಕಾರಣವನ್ನೂ ಅವರಿಗೆ ಸರಿಯಾಗಿ ವಿವರಿಸಿದವರು ಕಡಿಮೆ. ಆ ಕಾರಣವನ್ನು ತರಗತಿಯಲ್ಲಿ ಒಂದು ಆಟದಿಂದ ವಿವರಿಸಬಹುದು.

ಹುಣಸೆಬೀಜ ಮತ್ತು ಅವರೆಕಾಳಿನ ಆಟ

ಬೇಕಾದ ಸಾಮಗ್ರಿ: 80 ಹುಣಸೆಬೀಜ, 20 ಒಣ ಅವರೆಕಾಳು, ಒಂದು ಚೀಲ. ಹುಣಸೆಬೀಜ ಎಂದರೆ ಸಾಯುವ ಗುಣದ ಆಲೀಲ್, ಅದು ಪ್ರಬಲ. ಅವರೆಕಾಳು ನಿರೋಧಕ ಆಲೀಲ್, ಅದು ದುರ್ಬಲ. ಬೀಜಗಳನ್ನು ಚೀಲದಲ್ಲಿ ಬೆರೆಸಿ, ನೋಡದೆ ಎರಡೆರಡು ತೆಗೆದರೆ ಒಂದೊಂದು ಜೋಡಿಯೂ ಒಂದು ಹುಳ. ಒಟ್ಟು 50 ಹುಳಗಳು. ಸರಾಸರಿ ಲೆಕ್ಕದಲ್ಲಿ 32 ಜೋಡಿ ಹುಣಸೆ-ಹುಣಸೆ, 16 ಹುಣಸೆ-ಅವರೆ, 2 ಮಾತ್ರ ಅವರೆ-ಅವರೆ. ನಿಜವಾದ ಹೊಲದಲ್ಲಿ ನಿರೋಧಕ ಆಲೀಲ್ ಆರಂಭದಲ್ಲಿ ಇದಕ್ಕಿಂತ ಬಹಳ ವಿರಳ. ಆಟಕ್ಕಾಗಿ ಹೆಚ್ಚಿಸಿದ್ದೇವೆ ಎಂದು ಮಕ್ಕಳಿಗೆ ಹೇಳಬೇಕು.

ಮೊದಲ ಸುತ್ತು: ಪೂರ್ತಿ ಹೊಲ ಬಿಟಿ. ಹುಣಸೆಬೀಜ ಇರುವ ಎಲ್ಲ ಜೋಡಿಗಳೂ ಸತ್ತವು. ಉಳಿದ 2 ಹುಳಗಳು ಅವರೆ-ಅವರೆ. ಅವುಗಳ ಮರಿಗಳೆಲ್ಲ ಅವರೆ-ಅವರೆಯೇ. ಒಂದೇ ಪೀಳಿಗೆಯಲ್ಲಿ ಬೀಜ ಸೋತಿತು.

ಎರಡನೇ ಸುತ್ತು: 10 ಹುಳಗಳು ನಾನ್‌-ಬಿಟಿ ಸಾಲಿನಲ್ಲಿವೆ, ಅವು ಸಾಯುವುದಿಲ್ಲ. ಆ ಹತ್ತರಲ್ಲಿ ಸರಾಸರಿ 16 ಹುಣಸೆಬೀಜ, 4 ಅವರೆಕಾಳು. ಬಿಟಿ ಸಾಲಿನಲ್ಲಿ ಉಳಿದ ಒಂದೆರಡು ಹುಳಗಳಿಂದ ಹೆಚ್ಚೆಂದರೆ ಇನ್ನು 4 ಅವರೆಕಾಳು. ಈಗ ಚೀಲದಲ್ಲಿ ಅವರೆಕಾಳಿನ ಪಾಲು ಸುಮಾರು ಮೂರರಲ್ಲಿ ಒಂದು. ಮುಂದಿನ ಪೀಳಿಗೆಯಲ್ಲಿ ಅವರೆ-ಅವರೆ ಹುಳ ಸುಮಾರು ಒಂಬತ್ತಕ್ಕೆ ಒಂದು. ಉಳಿದವು ಬಿಟಿ ತಿಂದರೆ ಸಾಯುತ್ತವೆ.

ಎರಡು ಸುತ್ತುಗಳ ಫಲಿತಾಂಶವನ್ನು ಮಕ್ಕಳಿಂದಲೇ ಪಟ್ಟಿ ಮಾಡಿಸಿ, ಪನ್ನೆಟ್ ಚೌಕ ಬರೆಸಬೇಕು. ನಾನ್‌-ಬಿಟಿ ಸಾಲು ನಿರೋಧಕತೆಯನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಅನುವಂಶೀಯತೆಯ ಪಾಠದ ‘ಪ್ರಬಲ’, ‘ದುರ್ಬಲ’ ಎಂಬ ಪದಗಳಿಗೆ ಬಟಾಣಿ ಗಿಡದ ಆಚೆಗೂ ಅರ್ಥವಿದೆ ಎಂದು ಆಗ ತಿಳಿಯುತ್ತದೆ.

ಚುರುಕಾದ ಮಕ್ಕಳಿಗೆ ಇನ್ನೊಂದು ಲೆಕ್ಕ ಕೊಡಬಹುದು. ಬಿಟಿ ಹೈಬ್ರಿಡ್ ಗಿಡದಲ್ಲಿ ಕ್ರೈ ಜೀನ್ ಒಬ್ಬ ಪೋಷಕನಿಂದ ಮಾತ್ರ ಬಂದಿದ್ದರೆ, ಆ ಗಿಡದ ಕಾಯಿಯೊಳಗಿನ ಬೀಜಗಳಲ್ಲಿ 3:1 ಅನುಪಾತದಂತೆ ನಾಲ್ಕರಲ್ಲೊಂದಕ್ಕೆ ಆ ಜೀನ್ ಇರುವುದಿಲ್ಲ. ಗುಲಾಬಿ ಕಾಯಿಕೊರಕ ತಿನ್ನುವುದು ಈ ಬೀಜಗಳನ್ನೇ. ಜೊತೆಗೆ ಗಿಡಕ್ಕೆ ವಯಸ್ಸಾದಂತೆ ಕ್ರೈ1ಎಸಿ ಪ್ರೋಟೀನಿನ ಪ್ರಮಾಣವೂ ಇಳಿಯುತ್ತದೆ. ಬೆಳೆ ಹೊಲದಲ್ಲಿ ಹೆಚ್ಚು ದಿನ ನಿಂತಷ್ಟೂ ಹುಳಕ್ಕೆ ಅನುಕೂಲ ಏಕೆ ಎಂದು ಮಕ್ಕಳೇ ತರ್ಕಿಸಲಿ.

ಪಾಠದ ಕೊನೆಗೆ ಏನು ಹೇಳಬೇಕು?

‘ಬಿಟಿ ಒಳ್ಳೆಯದೋ ಕೆಟ್ಟದ್ದೋ’ ಎಂದು ಮಕ್ಕಳು ಕೇಳುತ್ತಾರೆ. ಬೀಜದ ಬೆಲೆ, ಸಾಲ, ಬೀಜ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗಳು ನಿಜವಾದವು. ಬಿಟಿ ಬದನೆಗೆ 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಡೆ ಹಾಕುವ ಮೊದಲು ಬೆಂಗಳೂರೂ ಸೇರಿ ಹಲವೆಡೆ ಸಾರ್ವಜನಿಕ ಚರ್ಚೆ ನಡೆದದ್ದನ್ನು ಹೇಳಬಹುದು. ಆದರೆ ವಿಜ್ಞಾನದ ತರಗತಿಯಲ್ಲಿ ನಮ್ಮ ಮೊದಲ ಕರ್ತವ್ಯ, ಆ ಚರ್ಚೆಗೆ ಬೇಕಾದ ತಿಳಿವಳಿಕೆ ಕೊಡುವುದು. ಅಮೆರಿಕದಲ್ಲಿ ಬಿಟಿ ಹತ್ತಿಯ ಜೊತೆಗೆ ಬಂಜೆ ಪತಂಗಗಳನ್ನು ಬಿಡುವುದೂ ಸೇರಿ ಹಲವು ಕ್ರಮಗಳನ್ನು ಕೈಗೊಂಡು, 2018ರಲ್ಲಿ ಗುಲಾಬಿ ಕಾಯಿಕೊರಕ ನಿರ್ಮೂಲವಾಗಿದೆ ಎಂದು ಘೋಷಿಸಿದರು. ಅದೇ ಜೀನ್, ಅದೇ ಹುಳ, ಆದರೆ ಫಲ ಬೇರೆ. ವ್ಯತ್ಯಾಸ ಇದ್ದದ್ದು ಬಳಸಿದ ಕ್ರಮದಲ್ಲಿ.

ನಮ್ಮ ಮಕ್ಕಳು ಮನೆಗೆ ಒಯ್ಯಬಹುದಾದ ಮಾತುಗಳೂ ಇವೆ: ಬೆಳೆಯನ್ನು ಬೇಸಿಗೆಯವರೆಗೆ ಎಳೆಯದೆ ಸಕಾಲಕ್ಕೆ ಮುಗಿಸುವುದು, ಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ಒಟ್ಟದಿರುವುದು, ಮೋಹಕ ಬಲೆ ಕಟ್ಟಿ ಪತಂಗ ಎಣಿಸುವುದು, ಮುದುಡಿದ ಹೂಗಳನ್ನು ಕಿತ್ತು ನಾಶ ಮಾಡುವುದು. ಪ್ರತಿಯೊಂದಕ್ಕೂ ‘ಏಕೆ’ ಎಂದು ಅವರು ಹೇಳಬಲ್ಲರಾದರೆ ಪಾಠದ ಉದ್ದೇಶ ಈಡೇರಿದಂತೆ.

ಮೌಲ್ಯಮಾಪನಕ್ಕೆ ನಾನು ಬಳಸಿದ ಮೂರು ಪ್ರಶ್ನೆಗಳು ಇವು. ಸಹಪಾಠಿಗಳು ತಮ್ಮ ಶಾಲೆಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

1. ಬಿಟಿ ಹತ್ತಿಯಲ್ಲಿ ಬಿಳಿನೊಣ ಕಂಡರೆ ಬೀಜ ಕಳಪೆ ಎನ್ನಬಹುದೇ? ಕಾರಣ ಕೊಡಿ.

2. ನಿರೋಧಕ ಆಲೀಲ್ ದುರ್ಬಲವಾಗಿರದೆ ಪ್ರಬಲವಾಗಿದ್ದರೆ ನಾನ್‌-ಬಿಟಿ ಸಾಲಿನಿಂದ ಅಷ್ಟೇ ಪ್ರಯೋಜನ ಆಗುತ್ತಿತ್ತೇ?

3. ನಾನ್‌-ಬಿಟಿ ಸಾಲು ಏಕೆ ಬೇಕು ಎಂಬುದನ್ನು ನಿಮ್ಮ ಮನೆಯ ಹಿರಿಯರಿಗೆ ತಿಳಿಯುವಂತೆ ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.