ಅಂಗಡಿ ಬಾಡಿಗೆಯಲ್ಲಿ ನಡೆದ ಉಪನ್ಯಾಸ

ಲಂಡನ್ನಿನ ರಾಯಲ್ ಎಕ್ಸ್‌ಚೇಂಜಿನ ಅಂಗಳದಲ್ಲಿ ವರ್ತಕರ ಗದ್ದಲ. ಹುಂಡಿಯ ದರ, ಹಡಗಿನ ಸರಕು, ಕಡಲಾಚೆಯ ಸುದ್ದಿ, ಎಲ್ಲವೂ ನಿಂತ ನಿಲುವಿನಲ್ಲೇ ಇತ್ಯರ್ಥ. ಮಹಡಿಯ ಮೇಲೆ ಸಾಲು ಅಂಗಡಿಗಳು: ಅಕ್ಕಸಾಲಿಗರು, ಔಷಧಿಯವರು, ಪುಸ್ತಕದವರು, ಆಯುಧ ಮಾರುವವರು. ಇವರು ಕಟ್ಟುತ್ತಿದ್ದ ಬಾಡಿಗೆ ಹಣದಿಂದಲೇ ಮುಂದೆ ಏಳು ಮಂದಿ ಪ್ರಾಧ್ಯಾಪಕರ ಸಂಬಳ ಹುಟ್ಟಿತು.

ಎಕ್ಸ್‌ಚೇಂಜ್ ಕಟ್ಟಿಸಿದ ಸರ್ ಥಾಮಸ್ ಗ್ರೆಶಮ್ ದೊಡ್ಡ ವರ್ತಕ. ರಾಣಿ ಒಂದನೇ ಎಲಿಜಬೆತ್‌ಳ ಸಾಲದ ವ್ಯವಹಾರ ನೋಡಿಕೊಂಡವನು. ಮಗ 1564ರಲ್ಲೇ ತೀರಿಕೊಂಡಿದ್ದ. ಹೆಂಡತಿಯ ಕಾಲಾನಂತರ ಬಿಷಪ್ಸ್‌ಗೇಟ್ ಬೀದಿಯ ಮನೆ ಕಾಲೇಜಾಗಲಿ, ಉಪನ್ಯಾಸಗಳು ಊರಿಗೆಲ್ಲ ಉಚಿತವಾಗಿರಲಿ ಎಂದು 1575ರಲ್ಲಿ ಉಯಿಲು ಬರೆದ. 1597ರಲ್ಲಿ ಪಾಠ ಶುರುವಾಯಿತು. ಆಗ ಇಂಗ್ಲೆಂಡಿನಲ್ಲಿದ್ದದ್ದು ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೇ ವಿಶ್ವವಿದ್ಯಾಲಯ. ರಾಜಧಾನಿಯಲ್ಲಿ ಒಂದೂ ಇರಲಿಲ್ಲ.

ದೇವತಾಶಾಸ್ತ್ರ, ಖಗೋಳ, ರೇಖಾಗಣಿತ, ಸಂಗೀತ, ಕಾನೂನು, ವೈದ್ಯ, ವಾಕ್ಕಲೆ ಎಂದು ಏಳು ವಿಷಯ. ಪ್ರಾಧ್ಯಾಪಕರಿಗೆ ವರ್ಷಕ್ಕೆ 50 ಪೌಂಡ್ ಸಂಬಳ, ಅದೇ ಮನೆಯಲ್ಲಿ ವಾಸ. ಮದುವೆಯಾದರೆ ಹುದ್ದೆ ಹೋಯಿತು. ಬೆಳಿಗ್ಗೆ ಲ್ಯಾಟಿನ್ನಿನಲ್ಲಿ ಹೇಳಿದ್ದನ್ನೇ ಮಧ್ಯಾಹ್ನ ಇಂಗ್ಲಿಷಿನಲ್ಲಿ ಹೇಳಬೇಕು. ನನ್ನ ಮನಸ್ಸು ನಿಲ್ಲುವುದು ಈ ಮಧ್ಯಾಹ್ನದ ಪಾಠದಲ್ಲಿ. ಲ್ಯಾಟಿನ್ ಬಾರದ ಗುಮಾಸ್ತನಿಗೂ ಹಡಗಿನವನಿಗೂ ವಿದ್ಯೆಯ ಬಾಗಿಲು ತೆರೆದದ್ದು ಆಗ. ಖಗೋಳದ ಮೇಷ್ಟರು ನಕ್ಷತ್ರ ತೋರಿಸಿ ಮುಗಿಸುವಂತಿರಲಿಲ್ಲ. ನಾವಿಕರು ಬಳಸುವ ಉಪಕರಣಗಳನ್ನು ಹಿಡಿಯುವ ಬಗೆಯನ್ನೂ ಕಲಿಸಬೇಕಿತ್ತು. ಸಂಗೀತದ ಜಾನ್ ಬುಲ್‌ಗೆ ಮಾತ್ರ ಲ್ಯಾಟಿನ್ನಿನಿಂದ ವಿನಾಯಿತಿ. ಅರ್ಧ ಗಂಟೆ ಶಾಸ್ತ್ರ, ಉಳಿದ ಹೊತ್ತು ಹಾಡು ಇಲ್ಲವೇ ವಾದ್ಯ. 1607ರಲ್ಲಿ ಮದುವೆಯಾದ ಆತ ಹುದ್ದೆ ಬಿಟ್ಟ.

ರೇಖಾಗಣಿತದ ಮೊದಲ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸ್. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಪ್ರಕಟಿಸಿದ ಲಾಗರಿತಮ್ ಪುಸ್ತಕ ಓದಿದ ಬ್ರಿಗ್ಸ್‌ಗೆ ತಡೆಯಲಾಗಲಿಲ್ಲ. ಮರುವರ್ಷವೇ ಎಡಿನ್‌ಬರೋಗೆ ಹೊರಟ. ಹತ್ತನ್ನು ಆಧಾರವಾಗಿಟ್ಟರೆ ಲೆಕ್ಕ ಸುಲಭ ಎಂದು ಇಬ್ಬರೂ ಒಪ್ಪಿದರು. 1617ರಲ್ಲಿ ಒಂದರಿಂದ ಸಾವಿರದವರೆಗಿನ ಕೋಷ್ಟಕ ಅಚ್ಚಾಯಿತು. ಒಂದೊಂದು ಸಂಖ್ಯೆಗೂ ದಶಮಾಂಶದ ನಂತರ ಹದಿನಾಲ್ಕು ಅಂಕಿ, ಎಲ್ಲವೂ ಕೈಲೆಕ್ಕ! ಉದ್ದುದ್ದ ಗುಣಾಕಾರಗಳೆಲ್ಲ ಬರೀ ಕೂಡುವ ಲೆಕ್ಕಗಳಾದವು. ನಮ್ಮಲ್ಲೂ ಕ್ಯಾಲ್‌ಕ್ಯುಲೇಟರ್ ಬರುವ ಮುಂಚೆ ಓದಿದವರು ಲಾಗ್ ಟೇಬಲ್ಲಿನಲ್ಲಿ ಬೆರಳಾಡಿಸಿಯೇ ಪರೀಕ್ಷೆ ಪಾಸಾದದ್ದು.

1660ರ ನವೆಂಬರ್ 28ರಂದು ಖಗೋಳದ ಕ್ರಿಸ್ಟೋಫರ್ ರೆನ್‌ನ ಉಪನ್ಯಾಸ ಮುಗಿದ ಮೇಲೆ ಹನ್ನೆರಡು ಮಂದಿ ಮನೆಗೆ ಹೋಗದೆ ಅಲ್ಲೇ ಕುಳಿತರು. ಪ್ರಯೋಗ ಮಾಡಿ ತಿಳಿಯುವವರದೇ ಒಂದು ಸಂಘ ಬೇಕು ಎಂದು ತೀರ್ಮಾನಿಸಿದರು. ಅದೇ ರಾಯಲ್ ಸೊಸೈಟಿ. ಗ್ರೆಶಮ್‌ನ ಮನೆಯನ್ನು 1768ರಲ್ಲಿ ಕೆಡವಿದರು. ಕಾಲೇಜು ವಿಳಾಸ ಬದಲಿಸಿತು, ಉಪನ್ಯಾಸಗಳು ಇಂದಿಗೂ ಉಚಿತ.