ಬಾಚಣಿಗೆ ಇಳಿಯದ ತಲೆಯಲ್ಲಿ ಹೇನು

ಗಾಯಕ ಬಾಬ್ ಮಾರ್ಲಿ ತೀರಿಕೊಂಡಾಗ ಅವರ ಜಟೆಯಲ್ಲಿ 19 ಜಾತಿಯ ಹೇನು ಸಿಕ್ಕಿದ್ದವಂತೆ! ದೇಶದೇಶ ಸುತ್ತಿದ ಈ ಕತೆಯನ್ನು ನಂಬಿದವರು ಬಹಳ. ಆದರೆ ಮನುಷ್ಯನನ್ನು ಕಾಡುವ ಹೇನುಗಳು ಒಟ್ಟು ಮೂರೇ ಬಗೆ: ತಲೆಹೇನು, ಬಟ್ಟೆಯ ಹೊಲಿಗೆಯಲ್ಲಿ ಅಡಗುವ ಮೈಹೇನು, ಗುಪ್ತಾಂಗದ ಕೂದಲಿನ ಹೇನು. ತಲೆಯಲ್ಲಿ ಸಂಸಾರ ಹೂಡುವುದು ಸಾಮಾನ್ಯವಾಗಿ ಮೊದಲನೆಯದೊಂದೇ. ಮೇಲಾಗಿ, 1981ರ ಮೇ 11ರಂದು ಮಾರ್ಲಿ ಸಾಯುವ ಹೊತ್ತಿಗೆ ಕ್ಯಾನ್ಸರ್ ಚಿಕಿತ್ಸೆಯಿಂದಾಗಿ ಅವರ ತಲೆಯಲ್ಲಿ ಜಟೆಯೇ ಉಳಿದಿರಲಿಲ್ಲ.

ಕತೆ ಸುಳ್ಳಾದರೂ, ಜಟೆ ಎಂದರೆ ಹೇನಿನ ಗೂಡು ಎಂಬ ನಂಬಿಕೆ ಮಾತ್ರ ಅಳಿಯುವುದಿಲ್ಲ. ಹೇನಿನ ಬದುಕನ್ನು ಹತ್ತಿರದಿಂದ ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ತಲೆಹೇನು 2ರಿಂದ 3 ಮಿಲಿಮೀಟರ್ ಉದ್ದದ, ರೆಕ್ಕೆಯಿಲ್ಲದ ಕೀಟ. ಅದು ಹಾರಲಾರದು, ನೆಗೆಯಲಾರದು. ತಲೆಗೆ ತಲೆ ತಾಗಿದಾಗ ಹರಿದು ದಾಟುತ್ತದೆ. ಆರು ಕಾಲುಗಳ ತುದಿಯಲ್ಲೂ ಒಂದೊಂದು ಕೊಕ್ಕೆಯುಗುರು. ಆ ಕೊಕ್ಕೆ ಮಡಚಿದಾಗ ಉಳಿಯುವ ಸಂದಿನಲ್ಲಿ ಹಿಡಿಸುವುದು ಒಂದೇ ಒಂದು ಕೂದಲೆಳೆ. ದಿನಕ್ಕೆ ಹಲವು ಸಲ ರಕ್ತ ಹೀರದಿದ್ದರೆ ಅದು ಉಳಿಯದು. ತಲೆಯಿಂದ ಉದುರಿದರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಮೊಟ್ಟೆಗೂ ಚರ್ಮದ ಬಿಸಿ ಬೇಕು. ಹಾಗಾಗಿ ಹೆಣ್ಣು ಹೇನು ದಿನಕ್ಕೆ ಆರೆಂಟು ಸೀರುಗಳನ್ನು ಕೂದಲ ಬುಡದಿಂದ ಸುಮಾರು 6 ಮಿಲಿಮೀಟರಿನೊಳಗೇ ಅಂಟಿಸುತ್ತದೆ. ಜಟೆ ಮೊಣಕಾಲು ಮುಟ್ಟುವಷ್ಟಿದ್ದರೂ ಹೇನಿಗೆ ಬೇಕಾದದ್ದು ಬುಡದ ಅಂಗುಲವೊಂದೇ.

ತೊಂದರೆ ಇರುವುದು ನಮ್ಮ ಆಯುಧದಲ್ಲಿ. ಇಸ್ರೇಲಿನ ಲಾಕೀಷ್‌ನಲ್ಲಿ ಸಿಕ್ಕ, ಸುಮಾರು 3,700 ವರ್ಷ ಹಳೆಯ ದಂತದ ಬಾಚಣಿಗೆಯೊಂದರ ಒಂದು ಬದಿಗೆ ಸಿಕ್ಕು ಬಿಡಿಸುವ 6 ದಪ್ಪ ಹಲ್ಲು, ಇನ್ನೊಂದು ಬದಿಗೆ ಹೇನು ತೆಗೆಯುವ 14 ಸಣ್ಣ ಹಲ್ಲುಗಳಿದ್ದವು. ಕೂದಲು, ಗಡ್ಡಗಳ ಹೇನು ತೊಲಗಲಿ ಎಂಬ ಹಾರೈಕೆಯನ್ನು ಅದರ ಮೇಲೆ ಕಾನಾನ್ ಲಿಪಿಯಲ್ಲಿ ಕೊರೆದಿದ್ದಾರೆ. ಮೊದಲು ಸಿಕ್ಕು, ಆಮೇಲೆ ಹೇನು: ಅಂದಿನಿಂದ ಇಂದಿನವರೆಗೂ ಇದೇ ಕ್ರಮ. ಸಿಕ್ಕೇ ಗಟ್ಟಿಯಾಗಿ ಕೂತ ಜಟೆಯಲ್ಲಿ ಮೊದಲ ಹೆಜ್ಜೆಯೇ ಸಾಗದು.

ಹಾಗೆಂದು ಬೋಳಿಸುವುದೊಂದೇ ದಾರಿಯೇ? ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಕಿಲ್ಲ. ಬಾಚಣಿಗೆ ಹೋಗದ ಕಡೆ ದ್ರವ ಹೋಗುತ್ತದೆ. ಡೈಮೆಥಿಕೋನ್ ಎಂಬ ಸಿಲಿಕೋನ್ ಎಣ್ಣೆಯ ಲೋಷನ್ ಕೆಲಸ ಮಾಡುವ ಬಗೆ ಸ್ವಾರಸ್ಯಕರ. ಹೇನು ತಾನು ಕುಡಿದ ರಕ್ತದ ಹೆಚ್ಚುವರಿ ನೀರನ್ನು ಮೈಯ ಪಕ್ಕದ ಉಸಿರುರಂಧ್ರಗಳ ಮೂಲಕ ಆವಿಯಾಗಿ ಬಿಡುತ್ತದೆ. ಈ ಎಣ್ಣೆ ಆ ರಂಧ್ರಗಳನ್ನು ಮುಚ್ಚಿದರೆ ನೀರು ಒಳಗೇ ಉಳಿದು ಹೇನು ಸಾಯುತ್ತದೆ. ಹಲವು ದೇಶಗಳಲ್ಲಿ ಹೇನುಗಳು ಪರ್ಮೆಥ್ರಿನ್ ಎಂಬ ಕೀಟನಾಶಕಕ್ಕೆ ಬಗ್ಗದಂತಾಗಿವೆ. ನರಕ್ಕೆ ತಾಗುವ ಆ ವಿಷದಂತಲ್ಲದೆ ಇದು ಬರೀ ಭೌತಿಕ ತಡೆಯಾದ್ದರಿಂದ ಇನ್ನೂ ನಾಟುತ್ತದೆ.

ಹಚ್ಚುವ ಕ್ರಮ ಮುಖ್ಯ. ಜಟೆಗಳ ಮೇಲೆ ಸುರಿದರೆ ಉಣ್ಣೆಯಂತೆ ಹೀರಿಕೊಂಡು ಮದ್ದು ಅಲ್ಲೇ ನಿಲ್ಲುತ್ತದೆ. ಒಂದೊಂದೇ ಜಟೆ ಸರಿಸಿ, ಎರಡರ ನಡುವೆ ಕಾಣುವ ಚರ್ಮದ ಗೆರೆಯುದ್ದಕ್ಕೂ ಚೂಪು ಮೂತಿಯ ಬಾಟಲಿಯಿಂದ ಬಿಟ್ಟು ಬೆರಳಿನಿಂದ ಬುಡಕ್ಕೆ ತಿಕ್ಕಬೇಕು. ಕಿವಿಯ ಹಿಂದೆ, ಕತ್ತಿನ ಮೇಲೆ ಹೆಚ್ಚು ಗಮನ ಬೇಕು. ಕೆಲವು ಲೋಷನ್‌ಗಳಿಗೆ ಬೆಂಕಿ ಬೇಗ ಹತ್ತುವುದರಿಂದ ಒಲೆ, ದೀಪದ ಹತ್ತಿರ ಸುಳಿಯಬಾರದು.

ಬುಡವೇ ಕಾಣದಷ್ಟು ಹೆಪ್ಪುಗಟ್ಟಿದ ತಲೆಗೆ ವೈದ್ಯರು ಐವರ್‌ಮೆಕ್ಟಿನ್ ಮಾತ್ರೆ ಕೊಡುವುದುಂಟು. ಆಗ ಮದ್ದು ರಕ್ತದ ದಾರಿಯಲ್ಲಿ ಹೇನಿನ ಹೊಟ್ಟೆ ಸೇರುತ್ತದೆ. ಗರ್ಭಿಣಿಯರಿಗೆ, 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಇದನ್ನು ಕೊಡುವುದಿಲ್ಲ. ಸೀರು ರಕ್ತ ಕುಡಿಯುವುದಿಲ್ಲವಾದ್ದರಿಂದ ಮಾತ್ರೆ ಅದಕ್ಕೆ ತಟ್ಟದು. ಮರಿ ಹೊರಬರಲು 7ರಿಂದ 10 ದಿನ ಬೇಕು. ವಾರದ ನಂತರ ಎರಡನೆಯ ಸುತ್ತು ಅದಕ್ಕೇ.

ನಮ್ಮ ಬೆಳಗಾವಿ ಸೀಮೆಯಲ್ಲೂ ಮಹಾರಾಷ್ಟ್ರದ ಗಡಿಯಲ್ಲೂ ಇದು ಬರೀ ಕೂದಲಿನ ಪ್ರಶ್ನೆಯಲ್ಲ. ಹೆಣ್ಣಿನ ತಲೆಯಲ್ಲಿ ಜಟೆ ಕಟ್ಟಿದರೆ ಅದು ಸವದತ್ತಿ ಎಲ್ಲಮ್ಮನ ಕುರುಹು, ಕತ್ತರಿಸಿದರೆ ಕೇಡು ಎಂಬ ಭಯ ಇಲ್ಲಿದೆ. ಭಾರಕ್ಕೆ ಕತ್ತು ನೋಯುತ್ತದೆ, ಬುಡ ಕೆರೆದು ಹುಣ್ಣಾಗುತ್ತದೆ, ಆದರೂ ಆಕೆ ಆಸ್ಪತ್ರೆಗೆ ಹೋಗುವುದಿಲ್ಲ. ಹೋದರೆ ಮೊದಲು ಕತ್ತರಿ ತೆಗೆಯುತ್ತಾರೆಂಬ ಅಂಜಿಕೆ. ಹೇನಿಗೆ ಕತ್ತರಿ ಇಲ್ಲದ ಮದ್ದೂ ಇದೆ ಎಂದು ತಿಳಿದರೆ ಬಾಗಿಲವರೆಗಾದರೂ ಬಂದಾಳು. ಜಟೆ ತೆಗೆಸುವ ಮಾತನ್ನು ಆಕೆಯ ಒಪ್ಪಿಗೆಯಿಂದ ಆಮೇಲೆ ಆಡಬಹುದು.

ಮನೆಮದ್ದಿನಲ್ಲಿ ಎರಡನ್ನು ಮಾತ್ರ ಖಂಡಿತ ಬೇಡವೆನ್ನಬೇಕು. ಸೀಮೆಎಣ್ಣೆ ಹಚ್ಚಿದ ತಲೆಗೆ ಕಿಡಿಯೊಂದು ಸಾಕು. ಸೀತಾಫಲದ ಬೀಜದ ಪುಡಿ ಹೇನನ್ನು ಕೊಲ್ಲುವುದು ನಿಜ, ಆದರೆ ಕಣ್ಣಿಗೆ ಇಳಿದರೆ ಕರಿಗುಡ್ಡೆಯ ಮೇಲ್ಪದರ ಸುಟ್ಟಂತಾಗುತ್ತದೆ. ಜಟೆ ನೆನೆದರೆ ಗಂಟೆಗಟ್ಟಲೆ ತೊಟ್ಟಿಕ್ಕುತ್ತದೆ, ಅಪಾಯವೂ ಅಷ್ಟೇ ಹೊತ್ತು.

ಇಷ್ಟಾದ ಮೇಲೂ ಜಟೆಯಲ್ಲಿ ಬಿಳಿ ಸೀರು ಕಂಡು ಗಾಬರಿಯಾಗುವವರಿದ್ದಾರೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಬುಡದಿಂದ ಎರಡು ಬೆರಳಗಲ ದೂರದ ಸೀರು ಎಂದೋ ಬರಿದಾದ ಸಿಪ್ಪೆ. ಬಾಚಣಿಗೆ ತಾಗದ ಜಟೆಯಲ್ಲಿ ಅದು ಬಹುಕಾಲ ಅಂಟಿಕೊಂಡಿರುತ್ತದೆ. ಅದಕ್ಕೆ ಮತ್ತೆ ಮತ್ತೆ ಮದ್ದು ಹಚ್ಚುವುದು ದಂಡ. ಬುಡದಲ್ಲಿ ಜೀವಂತ ಹೇನು ಹರಿದಾಡುತ್ತಿದೆಯೇ ಎಂದು ಮಾತ್ರ ನೋಡಿ; ಒಂದೇ ದಿಂಬು ಹಂಚಿಕೊಳ್ಳುವ ಮನೆಯವರ ತಲೆಯನ್ನೂ ಅದೇ ದಿನ ನೋಡಿ.