ಹಳ್ಳಿಗೆಂದು ಒತ್ತಿದ ಮಣ್ಣಿಟ್ಟಿಗೆ

ಅಸ್ತ್ರ ಒಲೆಯ ಹೆಸರು ಕೇಳದ ಹಳ್ಳಿ ಕರ್ನಾಟಕದಲ್ಲಿ ಕಡಿಮೆ. ಸೌದೆ ಉಳಿಸುವ, ಹೊಗೆಯನ್ನು ಕೊಳವೆಯ ಮೂಲಕ ಮನೆಯಿಂದಾಚೆಗೆ ಕಳಿಸುವ ಆ ಒಲೆಯನ್ನು ರೂಪಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಈ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದು, ಹಳ್ಳಿಯವರಿಗೆ ನಿಜಕ್ಕೂ ಬೇಕಾದದ್ದೇನು ಎಂದು ಹುಡುಕಿಕೊಂಡು ಹೊರಟಿತು. ಒಲೆಯ ಜೊತೆಗೇ ಅವರು ಕೈಹಾಕಿದ ಇನ್ನೊಂದು ಕೆಲಸ ಮನೆ. ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾದ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಅವರ ಜೊತೆಗಾರರು ಭಟ್ಟಿಯಲ್ಲಿ ಸುಡಬೇಕಿಲ್ಲದ ಮಣ್ಣಿನ ಇಟ್ಟಿಗೆಯನ್ನು ಹದಕ್ಕೆ ತಂದರು. ಅದನ್ನು ಒತ್ತಲು ‘ಆಸ್ಟ್ರಾಮ್’ ಎಂಬ ಕೈಯಂತ್ರವೂ ಸಿದ್ಧವಾಯಿತು.

ಒಲೆ ಹಳ್ಳಿಯ ಅಡುಗೆಮನೆ ಸೇರಿತು. ಇಟ್ಟಿಗೆ ಬೆಂಗಳೂರಿನ ದಾರಿ ಹಿಡಿಯಿತು. ಇವತ್ತು ಮಣ್ಣಿಟ್ಟಿಗೆಯ ಚೆಂದದ ಮನೆ ನೋಡಬೇಕೆಂದರೆ ರಾಜಧಾನಿಯ ಅನುಕೂಲಸ್ಥರ ಬಡಾವಣೆಗಳಿಗೇ ಹೋಗಬೇಕು. ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅಂಥವರು ಪಾಯಕ್ಕೂ ನೆಲಮಾಳಿಗೆಗೂ ಅಗೆದ ಮಣ್ಣನ್ನೇ ಒತ್ತಿಸಿ, ಅದೇ ನಿವೇಶನದಲ್ಲಿ ಗಾರೆ ಬಳಿಯದ ಕೆಂಪು ಗೋಡೆಗಳನ್ನು ಎಬ್ಬಿಸಿದ್ದಾರೆ. ಅವು ತಂಪಾಗಿವೆ, ಗಟ್ಟಿಯಾಗಿವೆ, ಕಣ್ಣಿಗೂ ಹಿತ. ಇತ್ತ ಸರ್ಕಾರದ ಸಹಾಯಧನದಲ್ಲಿ ಹಳ್ಳಿಯಲ್ಲಿ ಏಳುವ ಮನೆ ಸಿಮೆಂಟ್ ಬ್ಲಾಕಿನದು. ದುಡ್ಡು ಸಾಲದಿದ್ದರೆ ಮೇಲೆ ಶೀಟು.

ಹಳ್ಳಿಯವರಿಗೆ ಮೋಲ್ಡ್ ಮನೆಯ ಪ್ರತಿಷ್ಠೆ, ಅದಕ್ಕೇ ಮಣ್ಣು ಬೇಡ ಎನ್ನುತ್ತಾರೆ ಎಂಬ ಮಾತು ಈ ಚರ್ಚೆಯಲ್ಲಿ ಬೇಗ ಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಎರಡು ಮಳೆಗಾಲ ಸೋರಿದ ಮನೆಯಲ್ಲಿ ಮಕ್ಕಳನ್ನು ಮಲಗಿಸಿದವರಿಗೆ ಗಟ್ಟಿ ಗೋಡೆಯ ಆಸೆ ಹುಟ್ಟಿದರೆ ಅದನ್ನು ಪ್ರತಿಷ್ಠೆ ಎನ್ನುವುದು ಅನ್ಯಾಯ. ಮಣ್ಣಿಟ್ಟಿಗೆ ಹಳ್ಳಿಯಲ್ಲಿ ನಿಲ್ಲದೇ ಹೋದ ಕಾರಣವನ್ನು ಅದನ್ನು ಮಾಡುವ ಕ್ರಮದಲ್ಲೇ ಹುಡುಕಬೇಕು.

ಮೇಲ್ಮಣ್ಣಿನಲ್ಲಿ ಬೇರು, ಕೊಳೆತ ಎಲೆ, ಗೊಬ್ಬರದ ಅಂಶ ಇರುತ್ತದೆ. ಅದನ್ನು ಕೆರೆದು ಹೊಲಕ್ಕೆ ಹಾಕಿ, ಕೆಳಗಿನದನ್ನು ಅಗೆಯಬೇಕು. ಹೆಂಟೆ ಒಡೆದು ಜರಡಿ ಹಿಡಿಯಬೇಕು. ನೂರು ಪಾಲು ಮಣ್ಣಿಗೆ 6ರಿಂದ 8 ಪಾಲು ಸಿಮೆಂಟನ್ನು ಒಣಗಿದ್ದಾಗಲೇ ಸಮನಾಗಿ ಬೆರೆಸಿ, ಆಮೇಲೆ ನೀರು ಚಿಮುಕಿಸಬೇಕು. ನೀರು ಎಷ್ಟು ಎನ್ನುವುದಕ್ಕೆ ಕೈಯೇ ಅಳತೆ: ಮುಷ್ಟಿ ಬಿಗಿದರೆ ಉಂಡೆ ಕಟ್ಟಬೇಕು, ಅಂಗೈಗೆ ಮೆತ್ತಿಕೊಳ್ಳಬಾರದು. ಆ ಉಂಡೆಯನ್ನು ಎದೆಯೆತ್ತರದಿಂದ ಬಿಟ್ಟರೆ ನಾಲ್ಕೈದು ಹೋಳಾಗಬೇಕು. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾದರೆ ಹೆಚ್ಚಾಯಿತು. ಹದವಾದ ಮಣ್ಣನ್ನು ತೂಗಿ ಅಚ್ಚಿಗೆ ಸುರಿದು, ಉದ್ದನೆಯ ಹಿಡಿಯನ್ನು ಎಳೆದು ಒತ್ತಿದರೆ ಇಟ್ಟಿಗೆ ಮೇಲೆದ್ದು ಬರುತ್ತದೆ. ತೂಕ ತಪ್ಪಿದರೆ ಒಂದು ಗಟ್ಟಿ, ಇನ್ನೊಂದು ಪೊಳ್ಳು. ಒತ್ತಿದ್ದನ್ನು ನೆರಳಲ್ಲಿ ಜೋಡಿಸಿ, ಹುಲ್ಲೋ ಗೋಣಿತಟ್ಟೋ ಮುಚ್ಚಿ, ಮೂರು ನಾಲ್ಕು ವಾರ ನೀರುಣಿಸಬೇಕು. ಆಮೇಲಷ್ಟೇ ಅದು ಗೋಡೆಗೆ ಯೋಗ್ಯ.

ಇಷ್ಟು ಶ್ರಮಕ್ಕೆ ಸಿಗುವ ಫಲ ದೊಡ್ಡದು. ಬರೀ ಮಣ್ಣಿನ ಹಸಿ ಇಟ್ಟಿಗೆ ನೀರಿನಲ್ಲಿ ಮುಳುಗಿಸಿದರೆ ಕರಗಿ ಕೆಸರಾಗುತ್ತದೆ, ಇದು ಆಕಾರ ಬಿಡುವುದಿಲ್ಲ. ಸೌದೆಯೂ ಬೇಡ, ಕಲ್ಲಿದ್ದಲೂ ಬೇಡ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿದರೆ, ಅಷ್ಟೇ ಗಾತ್ರದ ಗೋಡೆಗೆ ಸುಟ್ಟ ಇಟ್ಟಿಗೆ ನುಂಗುವ ಇಂಧನದ ಮೂರನೇ ಒಂದು ಪಾಲಿಗಿಂತ ಕಡಿಮೆಯಲ್ಲಿ ಇದು ತಯಾರಾಗುತ್ತದೆ. ಇಂಥ ಇಟ್ಟಿಗೆಗೆ ಐಎಸ್ 1725 ಎಂಬ ರಾಷ್ಟ್ರೀಯ ಮಾನದಂಡವೂ ಇದ್ದು, 2013ರಲ್ಲಿ ಪರಿಷ್ಕಾರವಾಗಿದೆ. ಖರ್ಚಿನ ದೊಡ್ಡ ಪಾಲು ಕೂಲಿ. ಅಂದರೆ ಗೋಡೆಗೆ ಹಾಕಿದ ದುಡ್ಡು ದೂರದ ಕಾರ್ಖಾನೆಗೆ ಹೋಗದೆ ಊರಿನವರ ಕೈಯಲ್ಲೇ ಉಳಿಯುತ್ತದೆ. ಮನೆ ಕಟ್ಟುವವರ ರಟ್ಟೆಯೇ ಬಂಡವಾಳವಾಗುವುದಾದರೆ ಇನ್ನೂ ಅಗ್ಗ.

ತೊಡಕು ಇರುವುದು ಮಣ್ಣಿನ ಗುಣದಲ್ಲಿ. ಒಳ್ಳೆಯ ಇಟ್ಟಿಗೆಗೆ ನೂರಕ್ಕೆ 65 ಪಾಲಾದರೂ ಮರಳಿನಂಶ ಬೇಕು, ಜೇಡಿ 10ರಿಂದ 15 ಪಾಲು ಸಾಕು. ಹಳೇ ಮೈಸೂರಿನ ಕೆಂಪುಮಣ್ಣಿನಲ್ಲಿ ಜೇಡಿ ಇದಕ್ಕಿಂತ ಜಾಸ್ತಿ ಇರುವುದೇ ಹೆಚ್ಚು. ಮರಳನ್ನೋ ಕ್ರಷರಿನ ಕಲ್ಲುಪುಡಿಯನ್ನೋ ಸೇರಿಸಿ ಸರಿಮಾಡಬಹುದು. ಬಯಲುಸೀಮೆಯ ಎರೆಮಣ್ಣಿನ ಸ್ವಭಾವವೇ ಬೇರೆ. ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಉಬ್ಬುವ ಆ ಮಣ್ಣು ಸಿಮೆಂಟಿಗೆ ಸುಲಭವಾಗಿ ಬಗ್ಗುವುದಿಲ್ಲ, ಅದಕ್ಕೆ ಸುಣ್ಣ ಬೇಕು. ಕರಾವಳಿಯವರಿಗೆ ಈ ತಾಪತ್ರಯವೇ ಇಲ್ಲ, ನೆಲದಿಂದ ಕತ್ತರಿಸಿ ತೆಗೆದ ಮುರಕಲ್ಲೇ ಅವರ ಇಟ್ಟಿಗೆ. ಗಾಜಿನ ಶೀಶೆಯಲ್ಲಿ ಮಣ್ಣು, ನೀರು ಹಾಕಿ ಕುಲುಕಿಟ್ಟರೆ ಮರಳು ಮೊದಲು ತಳ ಸೇರಿ, ಜೇಡಿ ಕೊನೆಗೆ ಇಳಿದು ಪದರಗಳು ಕಾಣುತ್ತವೆ. ಅಷ್ಟು ಸರಳ ಪರೀಕ್ಷೆಯಿಂದ ಮಣ್ಣಿನ ಅರ್ಧ ಜಾತಕ ತಿಳಿಯುತ್ತದೆ. ಆದರೆ ಆ ಪದರಗಳನ್ನು ಓದಿ, ಇದಕ್ಕೆ ಇಷ್ಟು ಕಲ್ಲುಪುಡಿ, ಇಷ್ಟು ಸಿಮೆಂಟು ಎಂದು ಹೇಳಬಲ್ಲವರು ಊರಲ್ಲಿ ಒಬ್ಬರಾದರೂ ಬೇಕು.

ಸಿಮೆಂಟ್ ಗೆದ್ದದ್ದು ಇಲ್ಲಿಯೇ. ಚೀಲದ ಸಿಮೆಂಟು ಬೀದರಿನಲ್ಲೂ ಒಂದೇ, ಚಾಮರಾಜನಗರದಲ್ಲೂ ಒಂದೇ. ಹದ ನೋಡುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಅಂಗಡಿಯವನು ಸಾಲ ಕೊಡುತ್ತಾನೆ, ಮೇಸ್ತ್ರಿಗೆ ಅಭ್ಯಾಸವಿದೆ, ಎಂಜಿನಿಯರಿಗೆ ಅಂದಾಜುಪಟ್ಟಿ ಬಾಯಿಪಾಠ. ಮಣ್ಣು ಪ್ರತಿ ನಿವೇಶನದಲ್ಲೂ ಹೊಸದಾಗಿ ಯೋಚಿಸಲು ಹೇಳುತ್ತದೆ. ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರು ಹಾಗೆ ಯೋಚಿಸುವವರಿಗೆ ಶುಲ್ಕ ತೆರುತ್ತಾರೆ. ಹಳ್ಳಿಯ ಫಲಾನುಭವಿಗೆ ಆ ಸೇವೆಯನ್ನು ಯಾರೂ ಕೊಡಲಿಲ್ಲ.

ಬೇರೆ ದೇಶಗಳ ಅನುಭವವೂ ಹೀಗೇ ಇದೆ. 1950ರ ದಶಕದಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿದ್ದ ವಸತಿ ಸಂಶೋಧನಾ ಕೇಂದ್ರದ ಎಂಜಿನಿಯರ್ ರಾಉಲ್ ರಾಮಿರೆಸ್ ‘ಸಿನ್ವಾ ರಾಮ್’ ಎಂಬ ಕೈಯಂತ್ರ ಮಾಡಿದರು. ಮಣ್ಣಿಟ್ಟಿಗೆಯ ಎಷ್ಟೋ ಯಂತ್ರಗಳಿಗೆ ಅದೇ ಮೂಲಮಾದರಿ. ಲ್ಯಾಟಿನ್ ಅಮೆರಿಕ, ಆಫ್ರಿಕಾ, ಏಷ್ಯಾಗಳ ಊರೂರಿಗೆ ಅದು ಹೋಯಿತು. ಯಂತ್ರದ ಜೊತೆ ಮಣ್ಣು ಬಲ್ಲವರೂ ಹೋದ ಕಡೆ ಮನೆಗಳೆದ್ದವು, ಯಂತ್ರ ಒಂದೇ ಹೋದ ಕಡೆ ಅದು ಮೂಲೆ ಸೇರಿತು.

ಬುರ್ಕಿನಾ ಫಾಸೊದ ಗಾಂಡೊ ಎಂಬ ಹಳ್ಳಿಯ ಹುಡುಗ ಫ್ರಾನ್ಸಿಸ್ ಕೆರೆ ಬರ್ಲಿನ್‌ನಲ್ಲಿ ವಾಸ್ತುಶಿಲ್ಪ ಓದುತ್ತಿರುವಾಗಲೇ ಹಣ ಕೂಡಿಸಿ ತನ್ನೂರಿಗೊಂದು ಪ್ರಾಥಮಿಕ ಶಾಲೆ ಕಟ್ಟಿಸಿದರು. ಅದು ಮುಗಿದದ್ದು 2001ರಲ್ಲಿ. ಮಣ್ಣು ಎಂದಾಗ ಊರಿನವರು ಅಳುಕಿದರು, ಮಳೆಗೆ ಕರಗಿದ ಗೋಡೆಗಳನ್ನು ಕಂಡವರು ಅವರು. ಕೆರೆ ಆ ಅಳುಕನ್ನು ಅಜ್ಞಾನವೆಂದು ತಳ್ಳಿಹಾಕಲಿಲ್ಲ. ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆಯ ಬಲವನ್ನು ಅವರಿಗೆ ತೋರಿಸಿಕೊಟ್ಟರು, ಊರಿನವರನ್ನೇ ಪಳಗಿಸಿದರು. ಕಲ್ಲು ಹೊತ್ತವರು, ನೀರು ತಂದವರು, ನೆಲ ಬಡಿದವರು ಎಲ್ಲರೂ ಅಲ್ಲಿಯವರೇ. ಇಟ್ಟಿಗೆಯ ಒಳಮಾಡಿನ ಮೇಲೆ ಅಂತರ ಬಿಟ್ಟು ತಗಡಿನ ಚಾವಣಿಯನ್ನು ಎತ್ತಿ ನಿಲ್ಲಿಸಿದ್ದರಿಂದ ನಡುವೆ ಗಾಳಿ ಆಡಿ ತರಗತಿ ತಂಪಾಯಿತು. ಚಾಚಿದ ತಗಡು ಗೋಡೆಯನ್ನು ಮಳೆಯಿಂದ ಕಾಯುತ್ತದೆ. 2022ರಲ್ಲಿ ಕೆರೆಗೆ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಆಫ್ರಿಕಾ ಮೂಲದವರಿಗೆ ಆ ಗೌರವ ಸಂದದ್ದು ಅದೇ ಮೊದಲು. ನನಗೆ ಪ್ರಶಸ್ತಿಗಿಂತ ಮುಖ್ಯವೆನಿಸುವುದು ಅಲ್ಲಿ ಕೆಲಸ ಕಲಿತವರು ಮುಂದೆಯೂ ಅದೇ ಕಸುಬಿನಲ್ಲಿ ದುಡಿದದ್ದು.

ಗೋಡೆಗೆ ದಾರಿ ಸಿಕ್ಕರೂ ಸಣ್ಣ ಮನೆಯ ಖರ್ಚು ಕೈಮೀರುವುದು ಮಾಡಿಗೆ ಬಂದಾಗ. ಕಬ್ಬಿಣ, ಸಿಮೆಂಟು, ಸೆಂಟ್ರಿಂಗ್ ಹಲಗೆಯ ಬಾಡಿಗೆ ಎಲ್ಲ ಒಮ್ಮೆಗೇ ಎದುರಾಗುತ್ತವೆ. ಗೋಡೆ ಮುಗಿಸಿ ಶೀಟು ಹೊದಿಸಿ ಕೈಚೆಲ್ಲಿದವರಿಗೆ ಏಪ್ರಿಲ್‌ನಲ್ಲಿ ಆ ಮನೆಯೊಳಗೆ ಹಗಲು ಕಳೆಯುವುದೇ ಕಷ್ಟ. ಇದಕ್ಕೆ ಸಿಕ್ಕ ಸೊಗಸಾದ ಉತ್ತರಗಳಲ್ಲಿ ಒಂದು ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ ಫಿಲ್ಲರ್ ಸ್ಲ್ಯಾಬ್. ಕಾಂಕ್ರೀಟ್ ಚಾವಣಿಯ ಮೇಲ್ಪದರ ಒತ್ತಡ ತಾಳುತ್ತದೆ, ಕೆಳಗಿನ ಎಳೆತವನ್ನು ಹೊರುವುದು ಕಬ್ಬಿಣ. ಹಾಗಾದರೆ ಕೆಳಭಾಗದಲ್ಲಿ ಕಂಬಿಗಳ ನಡುವೆ ತುಂಬುವ ಕಾಂಕ್ರೀಟಿನ ಬಹುಪಾಲು ಬರೀ ಭಾರ. ಅಲ್ಲಿ ಎರಡೆರಡು ಮಂಗಳೂರು ಹೆಂಚುಗಳನ್ನು ಜೋಡಿಸಿಟ್ಟರೆ ಕಾಂಕ್ರೀಟು ಉಳಿಯುತ್ತದೆ, ಚಾವಣಿ ಹಗುರವಾಗುತ್ತದೆ, ಹೆಂಚಿನ ಸಂದಿನ ಗಾಳಿ ಬಿಸಿಲನ್ನೂ ತಡೆಯುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿಗೆ ಹೀಗೆ ಕಾಂಕ್ರೀಟಿನ ಹೊಟ್ಟೆಯೊಳಗೊಂದು ಹೊಸ ಕೆಲಸ ಸಿಕ್ಕಿತು.

ಬೇಕರ್ 1917ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, 2007ರಲ್ಲಿ ತಿರುವನಂತಪುರದಲ್ಲಿ ಭಾರತೀಯ ಪ್ರಜೆಯಾಗಿ ತೀರಿಕೊಂಡವರು. ಮನೆಗೆ ಬೇಕಾದ ಸಾಮಾನು ಐದು ಮೈಲಿಯ ಫಾಸಲೆಯೊಳಗೇ ಸಿಗುವಂತಿರಬೇಕು ಎಂದು ಗಾಂಧೀಜಿ ಹೇಳಿದ ಮಾತು ಅವರನ್ನು ಜೀವನವಿಡೀ ನಡೆಸಿತು. ಇಟ್ಟಿಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ರ್‍ಯಾಟ್ ಟ್ರ್ಯಾಪ್ ಗೋಡೆಯಲ್ಲಿ ಅದೇ ಒಂಬತ್ತು ಅಂಗುಲ ದಪ್ಪಕ್ಕೆ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ. ಕಿಟಕಿಯ ಬದಲು ಇಟ್ಟಿಗೆಯ ಜಾಲಿ ಇಟ್ಟರೆ ಮರದ ಖರ್ಚು ಇಲ್ಲ. ಗೋಡೆ ನೀಟಾಗಿದ್ದರೆ ಗಾರೆಯೂ ಬೇಡ. ಆದರೆ ಇವೆಲ್ಲ ಸಾಧ್ಯವಾದದ್ದು ಬೇಕರ್ ದಿನವೂ ಕೆಲಸದ ಜಾಗದಲ್ಲೇ ಮೇಸ್ತ್ರಿಗಳ ಜೊತೆ ನಿಂತದ್ದರಿಂದ. ಅವರ ವಿಧಾನವನ್ನು ಹೊಗಳುವಾಗ ಆ ನಿಲ್ಲುವಿಕೆಯನ್ನು ನಾವು ಬಿಟ್ಟುಬಿಡುತ್ತೇವೆ.

ಮಣ್ಣಿನ ಮನೆ ಬಿದ್ದದ್ದನ್ನೂ ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಮ್ಮ ಗಡಿಯಾಚೆ ಲಾತೂರಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸುಮಾರು ಹತ್ತು ಸಾವಿರ ಜನ ಸತ್ತರು. ಮಣ್ಣಿನ ಕೆಸರಲ್ಲಿ ಜೋಡಿಸಿದ ಗುಂಡುಕಲ್ಲಿನ ದಪ್ಪ ಗೋಡೆ, ಅದರ ಮೇಲೆ ವರ್ಷವರ್ಷವೂ ಮಣ್ಣು ಹೇರಿಸಿಕೊಂಡ ಮಾಳಿಗೆ ಮಲಗಿದ್ದವರ ಮೇಲೆಯೇ ಕುಸಿದವು. ಕಲ್ಯಾಣ ಕರ್ನಾಟಕದ ಮೇಲ್ಮುದ್ದೆ ಮನೆಗಳ ರಚನೆಯೂ ಹೆಚ್ಚುಕಡಿಮೆ ಅದೇ: ಜಂತಿ, ತೊಲೆ, ಕಟ್ಟಿಗೆ, ಅದರ ಮೇಲೆ ಅಡಿಗಟ್ಟಲೆ ಮಣ್ಣು. 2009 ಮತ್ತು 2019ರ ನೆರೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಗೋಡೆಗಳು ಬುಡ ನೆನೆದು ಕುಸಿದದ್ದನ್ನೂ ಜನ ಮರೆತಿಲ್ಲ. ಹಾಗೆಂದು ಇದನ್ನೆಲ್ಲ ಮಣ್ಣಿನ ತಪ್ಪು ಎನ್ನಲಾಗದು. ಕಲ್ಲನ್ನು ಕಲ್ಲಿಗೆ ಹೆಣೆಯುವ ಉದ್ದಗಲ್ಲುಗಳಿಲ್ಲದ ಗೋಡೆ, ಮೂಲೆಗಳನ್ನು ಹಿಡಿದಿಡುವ ಪಟ್ಟಿಯಿಲ್ಲದ ಕಟ್ಟಡ ಯಾವ ಸಾಮಾನಿನದಾದರೂ ಅಪಾಯವೇ. ನೆಲದಿಂದ ಎತ್ತರಿಸಿದ ಕಲ್ಲಿನ ಪಾಯ, ಗೋಡೆಯಿಂದ ಎರಡಡಿ ಚಾಚಿದ ಸೂರು, ಲಿಂಟಲ್ ಮಟ್ಟದಲ್ಲಿ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ, ಈ ಮೂರಕ್ಕೆ ಸಿಮೆಂಟನ್ನೂ ಹಣವನ್ನೂ ಧಾರಾಳವಾಗಿ ಬಳಸಬೇಕು. ಕಡಿಮೆ ಖರ್ಚಿನ ಹೆಸರಿನಲ್ಲಿ ಬಡವರ ಮನೆಯಿಂದ ಪಟ್ಟಿಯನ್ನು ಕಿತ್ತುಹಾಕುವ ಅಂದಾಜುಪಟ್ಟಿಗೆ ಯಾವ ಎಂಜಿನಿಯರನೂ ಸಹಿ ಹಾಕಬಾರದು.

2016ರಲ್ಲಿ ಶುರುವಾದ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ನಿಗದಿಯಾದದ್ದು 1.20 ಲಕ್ಷ ರೂಪಾಯಿ, ಗುಡ್ಡಗಾಡಿಗೆ 1.30 ಲಕ್ಷ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಈ ಮೊತ್ತದಲ್ಲಿ ಮೋಲ್ಡ್ ಮನೆ ಮುಗಿಯುವುದಿಲ್ಲವೆಂದು ಪಂಚಾಯಿತಿಯಲ್ಲಿ ಎಲ್ಲರಿಗೂ ಗೊತ್ತು, ಉಳಿದದ್ದು ಸಾಲ. ಊರಿನ ಮಣ್ಣು, ಕಲ್ಲು, ಹೆಂಚು ಬಳಸಿದರೆ ಆ ಸಾಲ ಎಷ್ಟೋ ಇಳಿಯುತ್ತದೆ. ಅದಕ್ಕೆ ತಾಲ್ಲೂಕಿಗೊಂದೆರಡು ಯಂತ್ರ, ಮಣ್ಣು ಪರೀಕ್ಷಿಸಿ ಚೀಟಿ ಬರೆದುಕೊಡುವ ಒಬ್ಬ ಸಹಾಯಕ, ಮೊದಲ ಹತ್ತು ಮನೆಗಳ ಜೊತೆ ಇರುವ ಒಬ್ಬ ಪಳಗಿದ ಮೇಸ್ತ್ರಿ ಬೇಕು. ಗ್ರಾಮೀಣ ಗಾರೆ ಕೆಲಸಗಾರರಿಗೆ 45 ದಿನಗಳ ತರಬೇತಿ ಕೊಡುವ ಏರ್ಪಾಡು ಇದೇ ಯೋಜನೆಯಲ್ಲಿದೆ. ಅದರಲ್ಲಿ ಹತ್ತು ದಿನ ಮಣ್ಣಿಗೆ ಮೀಸಲಿಟ್ಟರೆ ಹೊಸ ಇಲಾಖೆಯನ್ನೇನೂ ತೆರೆಯಬೇಕಿಲ್ಲ.

ಕಂತು ಬಿಡುಗಡೆಯ ಕ್ರಮವನ್ನೂ ಸ್ವಲ್ಪ ಸಡಿಲಿಸಬೇಕು. ಈಗ ಕೆಲಸ ಯಾವ ಹಂತಕ್ಕೆ ಬಂತು ಎಂದು ಫೋಟೊ ತೆಗೆದು ಹಣ ಬಿಡುತ್ತಾರೆ. ಒತ್ತಿ, ನೀರುಣಿಸಿ ಜೋಡಿಸಿಟ್ಟ ಇಟ್ಟಿಗೆಯ ರಾಶಿಯನ್ನೂ ಒಂದು ಹಂತವೆಂದು ಒಪ್ಪಿದರೆ ಸಾಕು. ಮಣ್ಣಿನ ಕೆಲಸಕ್ಕೆ ಅದರದೇ ಕಾಲವಿದೆ: ಸುಗ್ಗಿ ಮುಗಿದು ಆಳು ಸಿಗುವ ಜನವರಿಯಲ್ಲಿ ಒತ್ತಿದರೆ ಫೆಬ್ರವರಿ ಕೊನೆಗೆ ಇಟ್ಟಿಗೆ ಸಿದ್ಧ, ಮಾರ್ಚ್ ಏಪ್ರಿಲ್‌ನಲ್ಲಿ ಗೋಡೆ, ಮುಂಗಾರಿಗೆ ಮೊದಲು ಮಾಡು. ಹಾಗಾಗಬೇಕಾದರೆ ಆದೇಶಪತ್ರವೂ ಮೊದಲ ಕಂತೂ ಡಿಸೆಂಬರಿನೊಳಗೆ ಮನೆಯವರ ಕೈ ಸೇರಬೇಕು.